ದೊಡ್ಡಪ್ಪ ವಾಪಸ್ ಪಡೆಯದ ಮಾತು

ನಮ್ಮ ದೊಡ್ಡಪ್ಪನಿಗೆ ಎರಡು ಕುರ್ಚಿ. ಬೆಳಿಗ್ಗೆ ಪ್ರಾರ್ಥನಾ ಮಂದಿರದ ಹಿರಿಯರ ಕುರ್ಚಿ, ಮಧ್ಯಾಹ್ನ ಪುರಸಭೆ ಸದಸ್ಯರ ಕುರ್ಚಿ. ಎರಡರಲ್ಲೂ ಕೂತು ಶಾಂತಿಯ ಬಗ್ಗೆ ಎಷ್ಟು ಜೋರಾಗಿ ಮಾತಾಡುತ್ತಿದ್ದರೆಂದರೆ, ಪಕ್ಕದ ಮನೆಯ ಕೂಸು ಬೆಚ್ಚಿಬಿದ್ದು ಅಳುತ್ತಿತ್ತು. ತಪ್ಪು ಎನ್ನುವುದು ಅವರ ಪ್ರಕಾರ ಬೇರೆಯವರು ಮಾಡುವ ಕೆಲಸ.

ಮಂದಿರಕ್ಕೆ ಹೊಸ ಧ್ವನಿವರ್ಧಕ ಬಂದಾಗ, "ಇಷ್ಟಕ್ಕೆಲ್ಲ ಎಲೆಕ್ಟ್ರಿಷಿಯನ್ ಯಾಕೆ?" ಎಂದು ತಾವೇ ಏಣಿ ಹತ್ತಿ, ಬಣ್ಣದ ಗಾಜಿನ ಕಿಟಕಿಗೆ ಅದನ್ನು ತಂತಿಯಿಂದ ಬಿಗಿದರು. ಸ್ವಲ್ಪ ದಿನಕ್ಕೆ ಒಂದು ರಾತ್ರಿ ಜೋರಾಗಿ ಗಾಳಿ ಬೀಸಿತು. ಬೆಳಿಗ್ಗೆ ನೋಡಿದರೆ ಗಾಜು ಪುಡಿಪುಡಿ. ದೊಡ್ಡಪ್ಪ ಹಿಂದೆ ಮುಂದೆ ನೋಡಲಿಲ್ಲ. "ಇದು ಕೆಳಗಿನ ಬೀದಿಯವರ ಕಲ್ಲು!" ಎಂದು ಗುಡುಗಿದರು. ಕೆಳಗಿನ ಬೀದಿಯವರ ದೇವರು ಬೇರೆ. ಅಷ್ಟೇ ಸಾಕ್ಷಿ ಸಾಕಾಯಿತು. ಭಕ್ತರು ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟು ಹೋಗಿ ಅಲ್ಲಿನ ದರ್ಜಿಯ ಅಂಗಡಿಗೆ ನುಗ್ಗಿದರು. ಹೊಲಿಗೆ ಯಂತ್ರ ಚರಂಡಿಗೆ ಬಿತ್ತು. ಅಡ್ಡ ಬಂದ ದರ್ಜಿಯ ಬಲಗೈ ಮುರಿಯಿತು.

ಗಾಜು ಗುಡಿಸಲು ಹೋದ ದೊಡ್ಡಮ್ಮನಿಗೆ ಕಿಟಕಿ ಕೆಳಗಿನ ಪೊದೆಯಲ್ಲಿ ಧ್ವನಿವರ್ಧಕ ಸಿಕ್ಕಿತು, ತುಂಡಾದ ತಂತಿ ಸಮೇತ. ತಂದು ಗಂಡನ ಊಟದ ತಟ್ಟೆಯ ಪಕ್ಕ ಇಟ್ಟರು. ದೊಡ್ಡಪ್ಪ ತುತ್ತು ನುಂಗಿ, "ಕಳಪೆ ತಂತಿ," ಎಂದರು.

ಶಾಂತಿ ಸಭೆ ನಿಗದಿಯಾಯಿತು. ಹಿಂದಿನ ಸಂಜೆ ಕನ್ನಡಿ ಮುಂದೆ ಭಾಷಣದ ಅಭ್ಯಾಸ ನಡೆಯಿತು. "ಕೆಲವು ತಪ್ಪುಗಳು ಆಗಿವೆ..."

ದೊಡ್ಡಮ್ಮ ಬಟ್ಟೆ ಮಡಚುತ್ತಾ ಕೇಳಿದರು: "ಆಗಿವೆ ಅಂದ್ರೆ? ಮೊಡವೆ ಆದ ಹಾಗೆ ತಾವಾಗೇ ಆಗಿವೆಯಾ?"

"ರಾಜಕೀಯದಲ್ಲಿ ಹಾಗೇ ಹೇಳೋದು ಕಣೇ."

"ಸನ್ಮಾನಕ್ಕೆ ಮಾತ್ರ 'ನಾನು ಮಾಡಿದೆ', ಕೈ ಮುರಿದಾಗ 'ಆಗಿದೆ'! ನಾಳೆ ಮುಂದಿನ ಸಾಲಲ್ಲೇ ಕೂತಿರ್ತೀನಿ. ನೀವು ಬಾಯಿ ಬಿಡದಿದ್ರೆ ನಾನೇ ಧ್ವನಿವರ್ಧಕ ಎತ್ತಿ ತೋರಿಸ್ತೀನಿ."

ಹೇಳಿದಂತೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತರು. ವೇದಿಕೆ ಮೇಲೆ ಮಂದಿರದ ಗುರುಗಳು ಕ್ಷಮಾಗುಣವನ್ನು ಹೊಗಳಿದರು. ಅದನ್ನು ತೋರಿಸುವ ಜವಾಬ್ದಾರಿಯನ್ನು ಪೆಟ್ಟು ತಿಂದವರಿಗೇ ವಹಿಸಿದರು. ಪಕ್ಷದ ಅಧ್ಯಕ್ಷರು ಕಾಣದ ಕೈಗಳನ್ನು ಬೈದರು. ದೊಡ್ಡಪ್ಪ ಎದ್ದರು. ಮೊದಲು ಹೆಂಡತಿಯ ಚೀಲ ಕಂಡಿತು, ಆಮೇಲೆ ದರ್ಜಿಯ ಬ್ಯಾಂಡೇಜಿನ ಕೈ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಕಲ್ಲು ಯಾರೂ ಹೊಡೆದಿಲ್ಲ. ತಂತಿ ಕಟ್ಟಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ. ಇವರ ಕೈ ಮುರಿದಿದ್ದು ನನ್ನ ಬಾಯಿ."

ಚಪ್ಪಾಳೆಗೆಂದೇ ಕರೆತಂದವರಿಗೂ ಕೈ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ.

ಸಭೆ ಮುಗಿದದ್ದೇ ತಡ, ಗುರುಗಳೂ ಅಧ್ಯಕ್ಷರೂ ಮನೆಗೆ ಬಂದರು. "ತಪ್ಪು ಮಾಡೋದು ಮನುಷ್ಯಸಹಜ," ಎಂದರು ಗುರುಗಳು. "ಮೈಕಲ್ಲಿ ಹೇಳೋದು ಸಹಜ ಅಲ್ಲಪ್ಪ. ನಾಳೆ ಜನ ನನ್ನ ತಪ್ಪನ್ನೂ ಒಪ್ಪಿಕೊಳ್ಳಿ ಅಂತ ಕೇಳಿದ್ರೆ?"

ಅಧ್ಯಕ್ಷರು ದಾರಿ ತೋರಿಸಿದರು: "ಜ್ವರ ಇತ್ತು, ಏನೋ ಬಡಬಡಿಸಿದೆ ಅಂತ ಹೇಳಿಕೆ ಕೊಡಿ. ಮಾತು ವಾಪಸ್ ತಗೊಳ್ಳಿ."

ಅಲ್ಲಿಯವರೆಗೆ ದೊಡ್ಡಪ್ಪ ತಲೆ ತಗ್ಗಿಸಿಯೇ ಇದ್ದರು. 'ವಾಪಸ್' ಎಂದದ್ದೇ ಕೆರಳಿದರು. "ಆಡಿದ ಮಾತು ವಾಪಸ್ ತಗೊಳ್ಳೋ ಜಾಯಮಾನ ನಂದಲ್ಲ!" ಜೀವಮಾನವೆಲ್ಲ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದವರ ಕೈಗೆ, ಅವತ್ತು ಅಪ್ಪಿತಪ್ಪಿ ನಾಲ್ಕು ಕಾಲಿನ ಮೊಲ ಸಿಕ್ಕಿತ್ತು.

ಎರಡೂ ಕುರ್ಚಿ ಹೋದವು. ಸುಳ್ಳು ಹೇಳಿದ್ದಕ್ಕಲ್ಲ, "ಸಂಘಟನೆಗೆ ಮುಜುಗರ ತಂದದ್ದಕ್ಕೆ."

ದರ್ಜಿಯಾದರೂ ತಬ್ಬಿಕೊಂಡಾನು ಎಂದುಕೊಂಡು ದೊಡ್ಡಪ್ಪ ಕೆಳಗಿನ ಬೀದಿಗೆ ಹೋದರು. ದರ್ಜಿ ಕೂತಲ್ಲಿಂದ ಏಳಲಿಲ್ಲ. "ಕ್ಷಮೆ ಕೇಳಿದ್ರಿ, ಸರಿ. ನಾನು ಕ್ಷಮಿಸಿದೆ ಅಂತ ಯಾರು ಹೇಳಿದ್ರು? ಮೊದಲು ಆ ಯಂತ್ರದ ಕೆಸರು ಒರೆಸಿ."

ದೊಡ್ಡಪ್ಪ ಯಾರನ್ನಾದರೂ ಕರೆಯೋಣವೆಂದು ಹಿಂದೆ ತಿರುಗಿದರು. ಯಾರೂ ಇರಲಿಲ್ಲ. ಬಟ್ಟೆ ಹಿಡಿದು ಕೂತರು.

ದರ್ಜಿಯ ಕೈ ಕೂಡಿಕೊಂಡಿದೆ, ಸ್ವಲ್ಪ ಸೊಟ್ಟಗೆ. ದೊಡ್ಡಪ್ಪ ಈಗಲೂ ಅಂಗಡಿಗೆ ಹೋಗಿ ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತಾರೆ. "ಈಗಲಾದ್ರೂ ಕ್ಷಮಿಸಿದ್ಯೇನಪ್ಪ?" ಎಂದು ಆಗಾಗ ಕೇಳುತ್ತಾರೆ.

"ಯೋಚನೆ ಮಾಡ್ತಿದ್ದೀನಿ," ಎನ್ನುತ್ತಾನೆ ದರ್ಜಿ. "ಆ ಗುಂಡಿ ಬಿಚ್ಚಿ ಮತ್ತೆ ಹಾಕಿ."