ಮೆಲ್ಲಗೆ ತಿರುಗಿಸಿದ ವಾಲ್ವ್

“ಏನೂ ಇಲ್ಲದ ಬರೀ ಜಾಗ ಅಂತೀವಲ್ಲಮ್ಮ, ಅಲ್ಲೂ ಶಕ್ತಿ ಸುಮ್ನೆ ಕೂತಿರಲ್ಲ. ಒಂದೊಂದು ಕಡೆ, ಒಂದು ಗಳಿಗೆ, ಸೊನ್ನೆಗಿಂತ ಕೆಳಕ್ಕೂ ಇಳಿದ್ಬಿಡುತ್ತೆ. ಆದ್ರೆ ಸ್ವಲ್ಪ ಹೊತ್ತು ಅಳೆದು ಸರಾಸರಿ ತೆಗೆದ್ರೆ, ಇಷ್ಟಕ್ಕಿಂತ ಕೆಳಗೆ ಹೋಗಲ್ಲ ಅನ್ನೋ ಮಿತಿ ಇದ್ದೇ ಇರುತ್ತೆ. ನನ್ನ ಲೆಕ್ಕದಲ್ಲಿ ಮಾತ್ರ ಆ ಮಿತಿ ಸಿಗ್ತಿಲ್ಲ. ಸೋಮವಾರದೊಳಗೆ ಸಿಗ್ದಿದ್ರೆ ಬೇರೆ ವಿಷಯ ತಗೋ ಅಂದಿದ್ದಾರೆ ಗೈಡು. ನಾನಂತೂ ಬಿಡಲ್ಲ.”

ಪಂಚನಹಳ್ಳಿಯ ಕೃತಿಕಾ ತರೀಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಾ ಪಿಎಚ್.ಡಿ. ಮಾಡುತ್ತಿದ್ದಳು. ತೆಂಗಿಗೆ ನೀರು ತಿರುಗಿಸುವಾಗಲೂ ಬಾಯಲ್ಲಿ ಅದೇ ಮಾತು. ಮಾತಿನ ಭರದಲ್ಲಿ, ಬೋರ್‌ವೆಲ್ ಮೋಟಾರ್ ಓಡುತ್ತಿರುವಾಗಲೇ ಒಂದು ಸಾಲಿನ ವಾಲ್ವನ್ನು ಪಟ್ಟನೆ ಮುಚ್ಚಿಬಿಟ್ಟಳು. ಪೈಪು ಧಡ್ಡೆಂದು ಅದುರಿತು.

ಕಳೆ ಕೀಳುತ್ತಿದ್ದ ತಾಯಿ ದಾಕ್ಷಾಯಣಮ್ಮ ತಲೆಯೆತ್ತಿದರು. “ಮುಂದಿನ ಸಾಲಿಗೆ ಬಿಡದೆ ಹಂಗೆ ಪಟ್ಟಂತ ಮುಚ್ತಾರೇನೇ? ಕಾಲೇಜ್ ಮೇಡಂ ಆದ್ರೂ ಕೈಯ ದುಡುಕು ಹೋಗ್ಲಿಲ್ಲ ಕಣೇ!”

ಕೃತಿಕಾ ಅದುರುವ ಪೈಪಿನ ಮೇಲೆ ಕೈಯಿಟ್ಟು ನಿಂತಳು. ಲೆಕ್ಕದಲ್ಲೂ ಅವಳು ಮಾಡಿದ್ದು ಇದನ್ನೇ. ಅಳೆಯುವುದನ್ನು ಥಟ್ಟನೆ ಶುರುಮಾಡಿ ಥಟ್ಟನೆ ನಿಲ್ಲಿಸಿದ್ದಳು. ಆ ಏಟಿಗೇ ಮಿತಿ ಕೈತಪ್ಪಿತ್ತು. ಅಳತೆಯನ್ನು ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸಿದರೆ ಆ ಮಿತಿ ಎಲ್ಲಿಗೂ ಓಡಿಹೋಗದು.

“ಸಿಕ್ತಮ್ಮ!”

“ಏನು, ಪೈಪ್ ಒಡ್ದಿರೋ ಜಾಗಾನಾ?”

“ಪೈಪೂ ಗಟ್ಟಿಯಾಗೈತೆ, ನನ್ನ ವಿಷಯಾನೂ ಗಟ್ಟಿಯಾಗೈತೆ. ಸಂಜೆ ಕೂತು ಲೆಕ್ಕ ತಿದ್ದಿ ಗೈಡಿಗೆ ಕಳಿಸ್ತೀನಿ.”

“ಕಳಿಸುವಂತೆ. ಮೊದ್ಲು ಆ ಮುಂದಿನ ಸಾಲಿಗೆ ನೀರು ಬಿಡು.”

ಕೃತಿಕಾ ಮುಂದಿನ ವಾಲ್ವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿದಳು. ನೀರು ಸದ್ದಿಲ್ಲದೆ ತೆಂಗಿನ ಬುಡಕ್ಕೆ ಇಳಿಯಿತು.