ಬೇವಿನ ಮರದಡಿಯ ಎರಡು ಬಣ

ಹುಕ್ಕೇರಿಯ ಸಂತೆಯ ದಿನ. ಗೋಕಾಕದ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಬೇವಿನ ಮರದ ಕೆಳಗೆ ಕ್ಷೌರಕ್ಕೆ ಕೂತೆ. ಕ್ಷೌರಿಕ ಬಾಳಪ್ಪ ನನ್ನ ಕೆನ್ನೆಗೆ ಸಾಬೂನು ಹಚ್ಚಿದವನೇ ಪಕ್ಕದವನತ್ತ ಹೋದ, ಅಲ್ಲಿಂದ ಅವನಾಚೆಯವನತ್ತ. ಐದು ಜನ ನೊರೆ ಬಳಿದುಕೊಂಡು ಸಾಲಾಗಿ ಕೂತೆವು.

"ಇದೇನು ಪದ್ಧತಿ?" ಎಂದೆ.

"ಮರದ ಆ ಕಡೆ ಇನ್ನೊಬ್ಬ ಕ್ಷೌರದಾಂವ ಅದಾನ್ರಿ. ಸಾಬೂನು ಹಚ್ಚಿಸಿಕೊಂಡ ಮ್ಯಾಲ ನೀವು ಅವನ ಕಡೆ ಹೋಗಂಗಿಲ್ಲ. ದೊಡ್ಡ ದೇಶದ ಎರಡೂ ಬಣದವರು ಹಿಂಗ ಮಾಡಾಕತ್ತಾರಂತ, ಪೇಪರಿನ್ಯಾಗ ಬಂದೈತಿ. ಸಣ್ಣ ದೇಶಗೋಳಿಗೆ ಮೊದಲ ಹಚ್ಚಿ ಕೂಡಸತಾರ, ಬೋಳಸೂದು ಆಮ್ಯಾಲ."

"ಮತ್ತೆ ನಮ್ಮ ದೇಶ?"

ಇಬ್ಬರು ಕ್ಷೌರಿಕರ ನಡುವೆ ತುಕ್ಕಾನಟ್ಟಿಯ ಮುದುಕರೊಬ್ಬರು ಉದ್ದ ಗಡ್ಡ ನೀವಿಕೊಳ್ಳುತ್ತ ಚಹಾ ಕುಡಿಯುತ್ತಿದ್ದರು. ಬಾಳಪ್ಪ ಅವರನ್ನು ತೋರಿಸಿದ.

"ಇಬ್ಬರಿಗೂ ನಮಸ್ಕಾರ ಮಾಡತಾರ್ರಿ. ಕೆನ್ನಿ ಯಾರಿಗೂ ಕೊಡಂಗಿಲ್ಲ."

ಮುದುಕರೂ ನಕ್ಕರು. ಬಾಳಪ್ಪ ಕತ್ತಿ ಹಿಡಿದು ನನ್ನನ್ನು ಬೋಳಿಸತೊಡಗಿದ. ನನಗೆ ಹುರುಪು ಬಂತು. ಅಣುಬಾಂಬಿನ ಮಾತು ತೆಗೆದು, ವಿಜ್ಞಾನಿಗಳು ಅದನ್ನು ಮಾಡಿದ್ದಷ್ಟೇ, ಹಾಕಿದವರು ಬೇರೆಯವರು ಎಂದೆ. ಕತ್ತಿ ನನ್ನ ಗಂಟಲ ಮೇಲೆ ನಿಂತಿತು.

"ನಾ ಕತ್ತಿ ಮಸದೇನಿ ಅಷ್ಟ, ಕೊಯ್ದದ್ದು ಕೈ ಅಂದರ ನೀವು ಒಪ್ಪತೀರೇನ್ರಿ?"

ಇಲ್ಲವೆಂದು ತಲೆ ಅಲ್ಲಾಡಿಸಲೂ ಧೈರ್ಯವಾಗಲಿಲ್ಲ.

ಅರ್ಧ ಮುಖ ಮುಗಿದಿತ್ತು. ಅಷ್ಟರಲ್ಲಿ ಬಸ್ಸಿನ ಬಳಿ ಕಂಡಕ್ಟರ್ ಸೀಟಿ ಊದಿದ. ಗಾಬರಿಯಿಂದ ಎದ್ದ ನನ್ನನ್ನು ಬಾಳಪ್ಪ ಭುಜ ಹಿಡಿದು ಕೂರಿಸಿದ.

"ಸಾವಕಾಶ ಕೂಡ್ರಿ. ಡ್ರೈವರನೂ ಇದ ಸಾಲಿನ್ಯಾಗ ಅದಾನ."

ಸಾಲಿನ ಕೊನೆಯಲ್ಲಿ ಕಿವಿಯವರೆಗೆ ನೊರೆ ಹಚ್ಚಿಸಿಕೊಂಡಿದ್ದವನು ನನ್ನತ್ತ ಕೈ ಎತ್ತಿದ.