ಹುಳದ ಮನೆಗೆ ಹೇಳಿಮಾಡಿಸಿದ ಕೈ

ಆ ಬೇಸಿಗೆ ರಜೆಯಲ್ಲಿ, ಒಂದು ಬೆಳೆ ರೇಷ್ಮೆಹುಳು ಗೂಡು ಕಟ್ಟುವ ತನಕ, ನಾನು ಎಷ್ಟು ಸಲ ಕೈ ತೊಳೆದೆ ಎಂದು ನನ್ನ ಎಣಿಕೆಯ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಏಳು ಸಲ ತೊಳೆದರೆ ಒಂದು ಸರದಿ. ಮೊದಲ ಸೋಮವಾರ ಒಂಬತ್ತು ಸರದಿ, ಮೂರನೇ ಸೋಮವಾರ ಇಪ್ಪತ್ತಾರು. ಒಂದು ತಪ್ಪಿದರೂ ಹುಳುಗಳೆಲ್ಲ ಸಾಯುತ್ತವೆ, ಅಪ್ಪ ಅಮ್ಮ ಕಿತ್ತಾಡುತ್ತಾರೆ, ಎಲ್ಲಕ್ಕೂ ನಾನೇ ಕಾರಣ ಎಂದು ತಲೆಯೊಳಗೆ ಕೊರೆಯುತ್ತಿತ್ತು. ಸುಳ್ಳೆಂದು ಗೊತ್ತಿತ್ತು. ಗೊತ್ತಿದ್ದೂ ತೊಳೆಯುವಂಥ ದಡ್ಡಿ ದಿಬ್ಬೂರಹಳ್ಳಿ ಕಡೆ ಇನ್ನೊಬ್ಬಳಿರಲಿಲ್ಲ.

ಬೇರೆ ಮನೆಯಲ್ಲಾಗಿದ್ದರೆ ಯಾರಾದರೂ ತಡೆಯುತ್ತಿದ್ದರೇನೋ. ನಮ್ಮದು ಹುಳು ಸಾಕುವ ಮನೆ. ಬ್ಲೀಚಿಂಗ್ ಪುಡಿ ತುಳಿದು, ಕೈ ತೊಳೆದೇ ಒಳಗೆ ಕಾಲಿಡಬೇಕು. ಹಾಗಾಗಿ ನನ್ನ ಕಾಯಿಲೆಗೆ ಶಹಬ್ಬಾಸ್‌ಗಿರಿ ಸಿಕ್ಕಿತು.

"ನಮ್ಮ ಹುಡುಗೀನ ನೋಡಿ ಕಲೀರಪ್ಪ," ಎಂದು ಅಪ್ಪ ಸೊಪ್ಪು ಕೊಯ್ಯುವವರಿಗೆ ಹೇಳುತ್ತಿದ್ದರು. "ಹುಳದ ಮನೇಗೆ ಹೇಳಿಮಾಡಿಸಿದ ಕೈ."

ಆ ಕೈಯ ಗೆಣ್ಣು ಬಿರಿದು ರಕ್ತ ಬಂದಾಗ ಅಮ್ಮನಿಗೆ ತೋರಿಸಿದೆ. ಆಸ್ಪತ್ರೆಗೆ ಹೋಗೋಣ ಎಂದೆ.

"ಕೊಬ್ಬರಿ ಎಣ್ಣೆ ಹಚ್ಕೋ ಕಣೇ. ಬೆಳೆ ಆಗ್ಲಿ, ಆಮೇಲೆ ಹೋಗಣ."

"ನಿಮ್ಮಮ್ಮನ ಮಡಿ ಇವಳಿಗೂ ಬಂದೈತೆ, ಬಿಡು," ಎಂದರು ಅಪ್ಪ.

"ಓಹೋ! ಆ ಮಡಿ ಮನೇಲೇ ಕೂತು ಮೂರು ಹೊತ್ತು ತಿಂದಿದ್ದು ಯಾರಪ್ಪಾ?"

ಜಗಳ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಅದರಲ್ಲಿ ನನ್ನ ಕೈಯ ಮಾತು ಎರಡು ನಿಮಿಷ. ಆ ಬೆಳೆಯಲ್ಲಿ ನಾನು ಆಸ್ಪತ್ರೆ ಎಂದದ್ದು ಐದು ಸಲ, ಅವರು "ಬೆಳೆ ಆಗ್ಲಿ" ಎಂದದ್ದೂ ಐದು ಸಲ.

ಕೊನೆಯ ವಾರ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಒಂದು ಬೆಳಿಗ್ಗೆ ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿದ್ದರು, ಸೊಪ್ಪು ಹಾಕುವ ಕೆಲಸ ನನ್ನದು. ನಲ್ಲಿಯ ಮುಂದೆ ನಿಂತವಳಿಗೆ ಏಳರ ತನಕ ಹೋಗಲಾಗಲೇ ಇಲ್ಲ. ನಾಲ್ಕಕ್ಕೋ ಐದಕ್ಕೋ ಎಣಿಕೆ ತಪ್ಪುತ್ತಿತ್ತು, ಮತ್ತೆ ಒಂದರಿಂದ. ಅವರು ಬಂದಾಗ ಹನ್ನೊಂದೂವರೆ. ಹುಳುಗಳ ಕೆಳಗೆ ಬರೀ ಕಡ್ಡಿ.

"ಹುಳ ಉಪವಾಸ ಬಿದ್ದವಲ್ಲೇ! ಏನಾಗೈತೆ ಇವಳಿಗೆ?" ಎಂದು ಅಪ್ಪ ಕೂಗಿದರು.

ಕಡೆಗೂ ಕೇಳಿದರು. ನನ್ನ ರಕ್ತ ಕಂಡು ಏಳದವರು ಹುಳುವಿನ ಹಸಿವಿಗೆ ಎದ್ದರು. ಮಾರನೆಯ ದಿನವೇ ಅಪ್ಪನ ಜೊತೆ ಚಿಕ್ಕಬಳ್ಳಾಪುರದ ಬಸ್ಸು.

ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರ್ ಕೇಳಿದರು. ಹದಿನಾಲ್ಕು ತಿಂಗಳು ಎಂದು ತಾರೀಖು ತೋರಿಸಲು ನಾನು ಎಣಿಕೆಯ ಪುಸ್ತಕದ ಮೊದಲ ಪುಟ ತೆಗೆಯುತ್ತಿದ್ದೆ.

"ಎರಡು ವರ್ಷ ಆಯ್ತು ಮೇಡಂ," ಎಂದರು ಅಪ್ಪ. "ನಾನು ನೋಡ್ತಾನೇ ಇದೀನಿ."

ಅಂದರೆ ನಾನು ಎಣಿಸಲು ಶುರುಮಾಡುವ ಹತ್ತು ತಿಂಗಳು ಮೊದಲೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹುಳದ ಮನೆಗೆ ಕಳಿಸಿದ್ದರು.